ಕಾಣಬಹುದು, ನೋಡುವ ಹಾಗಿಲ್ಲ

ಲಾಂಡ್ರಿಯ ಮೇಲಿನ ಕೋಣೆಯಿಂದ
ಮುಚ್ಚಿಹೋದ ಮೀನಂಗಡಿಯ ಮೇಲಿನ ಕೋಣೆಗೆ
ಬರೀ ನಾನೂರು ಹೆಜ್ಜೆ. ಡುಲೂತಿನ ಇಳಿಜಾರಿನಲ್ಲಿ
ಕೈಗಾಡಿ ತಾನಾಗಿಯೇ ಓಡುತ್ತಿತ್ತು,
ನಾನು ಹಿಂದಿನಿಂದ ಹಗ್ಗ ಜಗ್ಗಿ ತಡೆಯುತ್ತಿದ್ದೆ.
ಕೆಳಗೆ ಸರೋವರ. ಮಾರ್ಚ್ ಬಂದರೂ ಗಡ್ಡೆ ಬಿಟ್ಟಿರಲಿಲ್ಲ.

ಸರಕಾರಕ್ಕೆ ನಾನೂರು ಹೆಜ್ಜೆಯೂ ಒಂದೇ, ನಾನೂರು ಮೈಲಿಯೂ ಒಂದೇ.
ಹಳೇ ಲೈಸೆನ್ಸು ಹಳೇ ಗೋಡೆಯ ಮೊಳೆಗಷ್ಟೇ ಸಲ್ಲುತ್ತದಂತೆ.
ಕಳಚಿ, ಲಕೋಟೆಗೆ ಹಾಕಿ ವಾಪಸು ಕಳಿಸಿದ ಮೇಲೆ,
ಹೊಸತು ಬರುವ ತನಕ,
ನನ್ನ ಯಜಮಾನಿ ಐಲಿ ಕೊಸ್ಕೆಲಾ ಪತ್ತೇದಾರಳಲ್ಲ,
ಕಿಟಕಿಯ ಬಳಿ ಕೂತ ಐವತ್ತೆಂಟರ ಒಬ್ಬ ಹೆಂಗಸು.

"ಕಾಣಬಹುದು ಕಣೋ," ಅಂದಳು, "ನೋಡುವ ಹಾಗಿಲ್ಲ."

ಹನ್ನೊಂದು ದಿನ ಕಂಡೆವು.
ಎದುರಿನ ಬ್ಯಾಂಕಿನವನು ತನ್ನದಲ್ಲದ ಕಾರಿನಿಂದ ಇಳಿದದ್ದು.
ಬೆನ್ನುನೋವೆಂದು ವಿಮೆ ತಿನ್ನುವ ಓಸ್ಗಾರ್ಡ್
ಸಲಿಕೆ ಎತ್ತೆತ್ತಿ ಹಿಮ ಎಸೆದದ್ದು.
ಬರೆದಿಡಲಿಲ್ಲ. ಗಂಟೆ ಗುರುತು ಹಾಕಲಿಲ್ಲ.
ಕಾಫಿ ಆರಿತು.

ಅರ್ಜಿ ಆರು ಪುಟ.
ಬಿಟ್ಟುಹೋದವರ ಹೊಸ ಬಾಗಿಲು ಹುಡುಕಿ ಮೂವತ್ತು ವರ್ಷ ಉಂಡವಳು
ತನ್ನದೇ ಬಾಗಿಲಿನ ನಂಬರು ಬರೆಯುವಾಗ ತಡವರಿಸಿದಳು,
ಎರಡು ಸಲ ಮೆಟ್ಟಿಲಿಳಿದು ನೋಡಿ ಬಂದಳು.
ಸ್ಥಳಾಂತರಕ್ಕೆ ಕಾರಣ: ಅಂಗುಲದಷ್ಟು ಜಾಗ.
ಬಾಡಿಗೆ, ಎಂದು ಬರೆದಳು.
ಮಂಡಿ, ಎಂದು ಸೇರಿಸಿದಳು.
ಮಂಡಿಯನ್ನು ಹೊಡೆದುಹಾಕಿದಳು.

ನಾಲ್ಕನೆಯ ಪುಟ: ಮುಗಿದ ಕಡತಗಳು ಎಷ್ಟು, ಈಗ ಎಲ್ಲಿವೆ.
ಹೊತ್ತವನು ನಾನು, ಎಣಿಸಿದವನು ನಾನು. ಮುನ್ನೂರ ಹನ್ನೆರಡು.
ಅವಳು ಮುನ್ನೂರ ಹನ್ನೊಂದು ಎಂದು ತುಂಬಿದಳು.

ಉಳಿದೊಂದು ಅವಳ ತೊಡೆಯ ಮೇಲಿತ್ತು, ತೆಳ್ಳಗೆ.
ಒಳಗೊಂದು ಫೋಟೋ: ಯಾವುದೋ ಊರಿನ ಅಡುಗೆಮನೆ ಕಿಟಕಿ,
ಹಳದಿ ಪರದೆ,
ಪರದೆ ಸರಿಸುತ್ತಿದ್ದ ಕೈಗೆ ಮೊಣಕೈವರೆಗೆ ಪ್ಲಾಸ್ಟರು.
ಜೊತೆಗೆ ಗಂಡನಿಗೆ ಕಳಿಸಿದ ವರದಿಯ ನಕಲು, ಒಂದೇ ಸಾಲು:
ಸಿಗಲಿಲ್ಲ. ಮುಂಗಡ ಹಿಂದಿರುಗಿಸಿದ್ದೇನೆ.

"ಕೆಳಗೆ ಮೀನಿಗೆ ಹೊಗೆ ಹಾಕುತ್ತಿದ್ದ ಒಲೆ ಇದೆಯಲ್ಲ,
ಇನ್ನೂ ಉರಿಯುತ್ತದೋ ನೋಡು."
"ನೋಡುವ ಹಾಗಿಲ್ಲವಲ್ಲ," ಅಂದೆ.
"ಹಾಗಾದರೆ ಕಂಡು ಬಾ."

ಉರಿಯಿತು.

ಹನ್ನೆರಡನೆಯ ದಿನ ಲೈಸೆನ್ಸು ಬಂತು.
ಪಕ್ಕದ ಕ್ಷೌರದಂಗಡಿಯವನು ತಂದುಕೊಟ್ಟ:
ಲಕೋಟೆಯ ಮೇಲೆ ಅವನ ನಂಬರು,
ಒಳಗೆ, ಸರಕಾರಿ ಮೊಹರಿನ ಮೇಲೆಯೂ, ಅವನದೇ ನಂಬರು.
ಐಲಿ ಕನ್ನಡಕ ಏರಿಸಿ ಓದಿದಳು,
ಮತ್ತೆ ಓದಿದಳು,
ಸುತ್ತಿಗೆ ಎಲ್ಲಿ, ಎಂದು ಕೇಳಿದಳು.