ಕೊಸರು

ಬಿಸ್ಕತ್ತಿನ ಡಬ್ಬಕ್ಕೆ ಮೂರು ತೂತು,
ಒಂದು ಟ್ರಾನ್ಸಿಸ್ಟರು, ಒಂಬತ್ತು ವೋಲ್ಟಿನ ಬ್ಯಾಟರಿ.
ಹಗಲು ಅರಸೀಕೆರೆ ಡಿಪೋದಲ್ಲಿ ಬಸ್ಸಿನ ಹಾರನ್ನು ಬಿಚ್ಚುವ ಕೈ
ರಾತ್ರಿ ಆರ್ಕೆಸ್ಟ್ರಾದ ಬೇಸ್ ಗಿಟಾರಿಗೆ
ಗಂಟಲು ಕಟ್ಟಿಸುವ ಪೆಡಲು ಮಾಡಿತ್ತು.

ತಿಳಿ ದನಿ ಒಂದು ಕಡೆ, ಒರಟು ದನಿ ಇನ್ನೊಂದು ಕಡೆ,
ಎರಡನ್ನೂ ಬೆರೆಸುವ ಗುಂಡಿ.
ಆ ತುದಿಗೆ ತಿರುಗಿಸಿದರೆ ಚೆನ್ನ. ಈ ತುದಿಗೂ ಚೆನ್ನ.
ನಡುವಿಗೆ ತಂದರೆ
ಅಡಿಯೇ ಇಲ್ಲ! ಬಿಂದಿಗೆಯ ತಳ ಕಳಚಿದ ಹಾಗೆ
ಗುಂ ಎನ್ನುವುದೆಲ್ಲ ಸೋರಿ
ಉಳಿದದ್ದು ಬರೀ ಜುಂಯ್.

ಬ್ಯಾಟರಿಯನ್ನು ಬೈದೆ. ಬೆಸುಗೆ ಕಿತ್ತು ಮತ್ತೆ ಹಾಕಿದೆ.
ರೈಲ್ವೆ ಯಾರ್ಡಿನ ಕರೆಂಟನ್ನೂ ಅನುಮಾನಿಸಿದೆ.
"ದೃಷ್ಟಿ ತೆಗೀಲಾ?" ಎಂದಳು ಗಂಗಾಂಬಿಕ,
ತಮಾಷೆಗೇ. ಕೈಯಲ್ಲಿ ಮಾತ್ರ ಒಣಮೆಣಸಿನಕಾಯಿ ಇತ್ತು.

ಕೊನೆಗೆ ಮಸ್ತಾನ್ ಸಾಬರ ಅಂಗಡಿ.
ನಲವತ್ತು ವರ್ಷ ಮೈಕ್ ಸೆಟ್ಟು ಕಟ್ಟಿ ಎಡಗಿವಿ ಹೋಗಿದೆ;
ಅಂಗೈಯಲ್ಲೇ ಕೇಳುತ್ತಾರೆ.
ಸ್ಪೀಕರಿನ ತಂತಿಗೆ ಟಾರ್ಚಿನ ಸೆಲ್ಲು ಮುಟ್ಟಿಸಿ
ಕಾಗದದ ಹೊಟ್ಟೆ ಉಬ್ಬಿತೋ, ಒಳಗೆ ಹೋಯಿತೋ,
ಕೈಯಿಟ್ಟು ನೋಡಿ ಕೆಂಪು ಯಾವುದು ಕಪ್ಪು ಯಾವುದು ಹೇಳುವವರು.
ಡಬ್ಬವನ್ನು ಕಣ್ಣಿಗೆ ಹತ್ತಿರ ಹಿಡಿದು ನಕ್ಕರು:
"ಇದು ತಪ್ಪೇನೂ ಮಾಡಿಲ್ಲ ಕಣಪ್ಪ.
ದೊಡ್ಡದು ಮಾಡು ಅಂದೆ, ಮಾಡ್ತು; ತಲೆಕೆಳಗು ಮಾಡಿ ಕೊಡ್ತು.
ಅದರ ಜಾಯಮಾನವೇ ಹಾಗೆ.
ಒಂಟಿಯಾಗಿ ಬಂದ್ರೆ ಯಾವ ಕಿವಿಗೂ ಗೊತ್ತಾಗಲ್ಲ.
ಜೊತೆಗೆ ನಿಲ್ಲಿಸು, ಆಗ ಬಣ್ಣ ಬಯಲು.
ಒಬ್ಬ ನೂಕುವಾಗ ಇನ್ನೊಬ್ಬ ಜಗ್ಗಿದ್ರೆ ಗಾಡಿ ಹೊರಡುತ್ತಾ?"

ಇನ್ನೊಂದು ಟ್ರಾನ್ಸಿಸ್ಟರು ಹಾಕಿದೆ, ಮಗುಚಿದ್ದನ್ನು ಮಗುಚಲು.
ಅಡಿ ಬಂತು.
ಕಿಟಕಿಯ ಸರಳು ಅದುರಿತು, ಗೂಡಿನಲ್ಲಿದ್ದ ಚೊಂಬು ಅದುರಿತು,
ಕೊಬ್ಬರಿ ಮಂಡಿಯ ಕಾವಲುಗಾರ ಎದ್ದು ಬಂದು ಬೈದು ಹೋದ.

ಆದರೂ ಒಂದು ಸ್ವಿಚ್ಚು ಇಟ್ಟುಕೊಂಡೆ. ಹೆಸರು ಬರೆದಿಲ್ಲ,
ಗಂಗಾಂಬಿಕಳ ಉಗುರುಬಣ್ಣದ ಒಂದು ಚುಕ್ಕೆ.
ಕೆಳಗೆ ಒತ್ತಿದರೆ ಮತ್ತೆ ತಲೆಕೆಳಗು.
ಮೊನ್ನೆ ಸಾಬರೆದುರು ಒತ್ತಿ
ಗುಂಡಿಯನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟೇ ನಡುವಿಗೆ ತಂದೆ.
ತಂತಿ ಹೇಳಿದ್ದೆಲ್ಲ ತಂತಿಗೇ ವಜಾ ಆಗಿ
ಉಳಿಯಿತು ನೋಡಿ, ಡಬ್ಬ ತನ್ನ ಕಡೆಯಿಂದ ಹಾಕಿದ ಕೊಸರು:
ಹಳೇ ಬಟ್ಟೆ ಹರಿದಂಥ ಒಂದು ಗೊರಗೊರ.

ಸಾಬರು ಸ್ಪೀಕರಿನ ಮೇಲೆ ಅಂಗೈಯಿಟ್ಟು
ಬಹಳ ಹೊತ್ತು ತೆಗೆಯಲಿಲ್ಲ.
"ಇಷ್ಟೇನಾ ನಿಂದು?"
ಇಷ್ಟೇ, ಅಂದೆ,
ಎಡಗಿವಿಯ ಕಡೆ ಕೂತು.