ತಳ ತಟ್ಟಿ ಕೇಳು

ಮಣಿಕಟ್ಟು ಮುರಿದದ್ದು ಡಿಂಪ್ನಾಳದು,
ಸಿಟ್ಟು ಬಂದದ್ದು ಇಡೀ ಮನೆಗೆ.
ಮಂಜುಗಟ್ಟಿದ ಮೆಟ್ಟಿಲು, ಕೋಳಿಗಳ ಬಕೆಟ್ಟು,
ಆಮೇಲೆ ಕ್ಯಾಸಲ್‌ಬಾರ್ ಆಸ್ಪತ್ರೆಯ ಬಿಳಿ ಪ್ಲಾಸ್ಟರು.
ಈಗವಳು ಒಲೆಯ ಪಕ್ಕದ ಕುರ್ಚಿಯಲ್ಲಿ
ಫುಟ್‌ಬಾಲ್ ರೆಫರಿಯಂತೆ ಕೂತಿದ್ದಾಳೆ,
ಸೀಟಿ ಬೇಕಿಲ್ಲ, ನಾಲಿಗೆ ಇದೆ.

ನಾನು ಕೋಲ್ಮನ್. ಮೂವತ್ತೊಂದು ವರ್ಷ
ಹಾಲಿನ ಟ್ಯಾಂಕರು ಓಡಿಸಿದವನು.
ಮೇಯೋ ಸೀಮೆಯ ಅರ್ಧ ಹಾಲು
ನನ್ನ ಬೆನ್ನ ಹಿಂದೆ ತುಳುಕಿದೆ,
ಒಂದು ಲೋಟ ಮಜ್ಜಿಗೆಯನ್ನೂ
ಹಿಟ್ಟಿಗೆ ಸುರಿದವನಲ್ಲ.

"ಹಿಟ್ಟು ಎಷ್ಟು?"
"ಸಾಕಾಗುವಷ್ಟು."
"ಸೋಡಾ?"
"ಚಿಟಿಕೆಗಿಂತ ಹೆಚ್ಚು, ಚಮಚಕ್ಕಿಂತ ಕಡಿಮೆ.
ಅಂಗೈಯಲ್ಲಿ ಹಾಕಿಕೊಂಡು ಹೆಬ್ಬೆರಳಿಂದ ಉಜ್ಜು,
ಗಂಟು ಉಳಿದರೆ ತಿನ್ನುವವರ ಹಲ್ಲಿಗೆ ಸಿಗುತ್ತದೆ,
ಶಾಪ ನನಗೆ ತಗಲುತ್ತದೆ."
"ಮಜ್ಜಿಗೆ?"
"ಹಿಟ್ಟು ಕೇಳಿದಷ್ಟು."
ನಾನು ಬಗ್ಗಿ ಕಿವಿಗೊಟ್ಟೆ.
ಹಿಟ್ಟು ನನ್ನ ಹತ್ತಿರ ಏನೂ ಕೇಳಲಿಲ್ಲ.

ಮೊದಲನೆಯದು ಹಳದಿಗೆ ತಿರುಗಿತು, ಸಾಬೂನಿನ ರುಚಿ.
ಕೋಳಿಗಳು ಒಂದು ಸುತ್ತು ಬಂದು
ಕತ್ತು ಓರೆ ಮಾಡಿ ನೋಡಿ
ಹೊರಟುಹೋದವು.
ಎರಡನೆಯದನ್ನು, ಟಯರು ಬದಲಿಸಿದ ಇದೇ ತೋಳಿಂದ
ಬೆವರು ಬರುವವರೆಗೆ ನಾದಿದೆ.
ಅದು ತಂಟೆ ತಕರಾರಿಲ್ಲದೆ ಕಲ್ಲಾಯಿತು.
"ಗೇಟಿಗೆ ಆನಿಸಿಡಲು ಚೆನ್ನಾಗಿದೆ" ಎಂದ
ಪಕ್ಕದ ಮನೆಯ ಫೀಕ್ರಾ, ಬೇಕೆಂದೇ ಜೋರಾಗಿ.

"ಅದು ಕರುವಲ್ಲ, ಹಿಡಿದು ಮಣಿಸಬೇಡ.
ಬೆರಳು ಅಗಲಿಸು, ಹದ್ದಿನ ಕಾಲಿನ ಹಾಗೆ.
ಬಟ್ಟಲ ಅಂಚಿಗೆ ಒಂದು ಸುತ್ತು,
ಇನ್ನೊಂದು. ಸಾಕು, ಕೈ ತೆಗಿ.
ಮಜ್ಜಿಗೆಗೂ ಸೋಡಾಕ್ಕೂ ಭೇಟಿಯಾಯಿತೋ,
ನೀನು ಯೋಚಿಸುತ್ತ ನಿಂತರೆ
ಅವು ಮಾತು ಮುಗಿಸಿ ಎದ್ದು ಹೋಗುತ್ತವೆ."

ಐದನೆಯ ದಿನ ಕಣ್ಣಿಗೆ ಬಿತ್ತು:
ಪ್ಲಾಸ್ಟರಿನ ತುದಿಯಿಂದ ಇಣುಕುವ ಬೆರಳುಗಳು
ಅವಳಿಗೇ ತಿಳಿಯದೆ ಮಡಿಲಲ್ಲಿ
ಗಾಳಿಯನ್ನು ಕಲಸುತ್ತಿದ್ದವು.
ಹಿಟ್ಟು ನೋಡುವುದನ್ನು ಬಿಟ್ಟೆ.
ಅವು ತಿರುಗಿದಂತೆ ತಿರುಗಿಸಿದೆ,
ಅವು ನಿಂತಾಗ ನಿಲ್ಲಿಸಿದೆ.
ಕೈಗುಣ ಅನ್ನುತ್ತಾರಲ್ಲ,
ಅದಕ್ಕೆ ಪ್ಲಾಸ್ಟರು ಹಾಕಲು ಯಾವ ಡಾಕ್ಟರಿಗೂ ಬಾರದು.

ಉಂಡೆಯ ಮೇಲೆ ಚಾಕುವಿಂದ ಅಡ್ಡ ಒಂದು,
ಉದ್ದ ಒಂದು ಗೆರೆ. "ಇನ್ನೂ ಆಳಕ್ಕೆ."
"ಯಾಕೆ?"
"ನಡು ಬೇಯಲಿ ಅಂತ."
ಸ್ವಲ್ಪ ಹೊತ್ತು ಬಿಟ್ಟು,
"ಒಳಗಿನ ಕಿನ್ನರರಿಗೆ ದಾರಿಯಾಗಲಿ ಅಂತ.
ನಾಲ್ಕು ಮೂಲೆಯನ್ನೂ ಚುಚ್ಚು."

ಅವಳಮ್ಮ ಹೊನೋರಾ ಸುಡುತ್ತಿದ್ದದ್ದು
ಮೂರು ಕಾಲಿನ ಕಬ್ಬಿಣದ ಗಡಿಗೆಯಲ್ಲಿ,
ಮುಚ್ಚಳದ ಮೇಲೆ ಪೀಟ್ ಕೆಂಡ ಹೇರಿ.
(ಆ ಗಡಿಗೆಯಲ್ಲೀಗ ಅಂಗಳದ ಜೆರೇನಿಯಂ.)
ಗೆರೆಗುಂಟ ಮುರಿದರೆ ನಾಲ್ಕು ತುಂಡು, ನಾಲ್ಕು ಮಕ್ಕಳು.
ಎಂಡಾ ಹತ್ತಿದ ದೋಣಿ ಮರಳದ ವರ್ಷವೂ
ನಾಲ್ಕೇ ತುಂಡು.
ಒಂದು, ಕಿಟಕಿಯ ಕಟ್ಟೆಯ ಮೇಲೆ, ಕಡಲ ಕಡೆಗೆ.
ಬೆಳಗ್ಗೆ ಅದೇನಾಯಿತೆಂದು ಯಾರೂ ಕೇಳುತ್ತಿರಲಿಲ್ಲ.

"ಒಂದು ರಾತ್ರಿ ನಾನೇ ತಿಂದೆ" ಎಂದಳು ಡಿಂಪ್ನಾ.
"ಕತ್ತಲಲ್ಲಿ. ಬೆಣ್ಣೆ ಹಚ್ಚಿಕೊಂಡು.
ಅಮ್ಮ ಮಾರನೆಯ ದಿನ ಖುಷಿಯಾಗಿದ್ದಳು."
ಮದುವೆಯಾಗಿ ಇಪ್ಪತ್ತಾರು ವರ್ಷ,
ಈ ಮಾತು ಇವತ್ತು ಕೇಳಿದ್ದು.
ನಾನು ಓವನ್ ಬಾಗಿಲು ಮುಚ್ಚಿದೆ,
ಮುಚ್ಚಿದ್ದನ್ನೇ ಮತ್ತೆ ಒತ್ತಿದೆ.

ನಲವತ್ತು ನಿಮಿಷ. ಮನೆ ಪೂರ್ತಿ ಕಂದು ವಾಸನೆ.
ಬಟ್ಟೆಯಲ್ಲಿ ಹಿಡಿದು, ಬೋರಲು ಹಾಕಿ,
ಬೆರಳ ಗೆಣ್ಣಿನಿಂದ ತಳ ತಟ್ಟಿದೆ.
ಟೊಳ್ಳು ಸದ್ದು ಬಂದರೆ ಬೆಂದ ಹಾಗೆ.
ಬಂತು, ಹಿತ್ತಿಲ ಬಾಗಿಲಿಗೆ
ಯಾರೋ ಬಂದು ನಿಂತ ಹಾಗೆ.

ಅವಳು ಕಣ್ಣು ಮುಚ್ಚಿದ್ದಳು.
"ಇನ್ನೊಮ್ಮೆ ತಟ್ಟು" ಎಂದಳು.
ಬೆಂದಿತ್ತು. ಅವಳಿಗೂ ಗೊತ್ತು, ನನಗೂ ಗೊತ್ತು.
ಇನ್ನೊಮ್ಮೆ ತಟ್ಟಿದೆ.

ಹೊರಗೆ ಕೋಳಿಗಳು ಮೆಟ್ಟಿಲವರೆಗೂ ಬಂದು
ಕತ್ತು ಓರೆ ಮಾಡಿ ನಿಂತಿದ್ದವು.
ಈ ಸಲ ಅವಕ್ಕೆ ಏನೂ ಇಲ್ಲ.