ಮೀಟರ್ ಓದಿದವನ ಮಾತು

ಒಳಗೆ ಆಮೇಲೆ ಹೋಗೋಣ, ಸೆಲಿನಾ ಸಿಸ್ಟರ್,
ಮೊದಲು ಇಲ್ಲಿ ಬನ್ನಿ, ಮೀಟರ್ ನೋಡಿ.
ಗೋಡೆಗೆ ಮೊನ್ನೆ ತಾನೇ ಬಣ್ಣ ಬಳಿದಿದ್ದಾರೆ,
ಅದು ಗೌಡರು ಹೇಳಿಕೊಟ್ಟಂತೆ ಮಾತಾಡುತ್ತೆ.
ಮೀಟರಿಗೆ ಬಣ್ಣ ಹಿಡಿಯಲ್ಲ.

ಇಪ್ಪತ್ತೇಳು ವರ್ಷ ಈ ಹಾಸನದ ಗೋಡೆಗಳಿಗೆ
ಟಾರ್ಚ್ ಬಿಟ್ಟವನು ನಾನು,
ಪೆನ್ಷನ್ ಮೊಹಲ್ಲಾದಿಂದ ತಣ್ಣೀರುಹಳ್ಳದ ತನಕ.
ಯಾವ ಮನೆಯಲ್ಲಿ ಜನ ಇದ್ದಾರೆ, ಯಾವುದರಲ್ಲಿ ಬರೀ ಪರದೆ ಇದೆ,
ಬೆಲ್ ಒತ್ತದೆ ಹೇಳ್ತೀನಿ.
ಮೂರು ಯೂನಿಟ್ ಅಂದರೆ ಯಾರೂ ಇಲ್ಲ.
ಮೂವತ್ತು ಅಂದರೆ ವರ್ಗವಾಗಿ ಬಂದ ಒಂಟಿ ಮೇಷ್ಟ್ರು.
ನೂರಾ ಹತ್ತು ಅಂದರೆ ಮಕ್ಕಳು, ಮಿಕ್ಸಿ, ಇಸ್ತ್ರಿ, ಜಗಳ,
ಒಂದನೇ ತಾರೀಕಿಗೆ ಬಾಡಿಗೆ.

ಬ್ರೋಕರ್ ಲೋಹಿತಣ್ಣ ವಿಮಾನ ಬರುತ್ತೆ ಅಂತಾನೆ. ಬರಲಿ.
ವಿಮಾನದಲ್ಲಿ ಇಳಿದವರು ಹೇಮಾವತಿನಗರದ
ಮೇಲಿನ ಪೋರ್ಷನ್ ಕೇಳಿಕೊಂಡು ಬರಲ್ಲ.
ನಿಮ್ಮ ಬಾಡಿಗೆದಾರ ಬರೋದು ಸಿಟಿ ಬಸ್ಸಲ್ಲಿ,
ಒಂದು ಸಿಲಿಂಡರು, ಎರಡು ಚಾಪೆ, ಹೆಂಡತಿಯ ಹೊಲಿಗೆ ಮಿಷನ್ನು.
ನಲ್ಲಿ ನೀರು ಯಾವ ದಿನ ಅಂತ ಕೇಳ್ತಾನೆ.
ನಿಮಗೆ ಗೊತ್ತಿರಬೇಕು.

ಸಾಲಗಾಮೆ ರಸ್ತೆಯಲ್ಲಿ ಕಾಲೇಜು ಹುಡುಗರು ಜಾಸ್ತಿ ಕೊಡ್ತಾರೆ, ನಿಜ.
ಪರೀಕ್ಷೆ ಮುಗಿದ ಮಾರನೇ ದಿನ ಅಲ್ಲಿ ಮೀಟರ್ ಮಲಗಿಬಿಡುತ್ತೆ.
ವರ್ಷಕ್ಕೆ ಹನ್ನೆರಡು ತಿಂಗಳು ಅನ್ನೋದು ಕ್ಯಾಲೆಂಡರಿನ ಲೆಕ್ಕ,
ನೀವು ಹತ್ತು ಅನ್ನಿ,
ಅದರಲ್ಲಿ ಒಂದನ್ನು ಪ್ಲಂಬರ್ ಹೆಸರಲ್ಲಿ ಎತ್ತಿಡಿ.
ಮಿಕ್ಕಿದ್ದರಲ್ಲಿ ಬ್ಯಾಂಕಿನ ಕಂತು ಸರಿಹೋದರೆ ಕೊಳ್ಳಿ,
ಹೋಗದಿದ್ದರೆ ಚಪ್ಪಲಿ ಬಿಡಲೇಬೇಡಿ.
ಹಾಸನಾಂಬೆ ವರ್ಷಪೂರ್ತಿ ಬಾಗಿಲು ಹಾಕಿಕೊಂಡಿದ್ದರೂ
ಜನ ಕಾಯ್ತಾರೆ.
ಸಾಲದ ಮನೆಗೆ ಆ ಯೋಗವಿಲ್ಲ.

ಈಗ ಈ ಬಿಲ್ ನೋಡಿ. ಹೆಸರು ಓದಿ.
ತಿಮ್ಮಮ್ಮ. ಗೌಡರ ತಾಯಿ. ಹೋಗಿ ಹದಿನಾರು ವರ್ಷವಾಯ್ತು,
ಕರೆಂಟು ಇನ್ನೂ ಅವರೇ ಕಟ್ತಿದ್ದಾರೆ.
ಹೆಣ್ಣುಮಕ್ಕಳು ಮೂವರು.
ಇಬ್ಬರ ಸಹಿ ತೋರಿಸ್ತಾರೆ ನಿಮಗೆ, ಸಂತೋಷವಾಗಿ ತೋರಿಸ್ತಾರೆ.
ಮೂರನೆಯವಳು ಹೊಳೆನರಸೀಪುರದಲ್ಲಿದ್ದಾಳೆ,
ಅಣ್ಣನ ಜೊತೆ ಮಾತಿಲ್ಲ.
ಮೊದಲು ಆ ಬಸ್ ಹತ್ತಿ, ಅಡ್ವಾನ್ಸ್ ಆಮೇಲೆ.

ಕೆಳಗಿನ ಮನೆ ಭೋಗ್ಯಕ್ಕೆ ಹೋಗಿದೆ, ಎಂಟು ಲಕ್ಷಕ್ಕೆ.
ಲೋಹಿತಣ್ಣ ಹೇಳಿದನಾ? ಇಲ್ಲ ಅಲ್ವಾ.
ಬಾಂಡ್ ಪೇಪರಿನ ಮಾತು ಅದು, ಇಸಿಯಲ್ಲಿ ಸಿಕ್ಕಲ್ಲ.
ಎಂಟು ಲಕ್ಷ ಆಗಲೇ ಟ್ರ್ಯಾಕ್ಟರಾಗಿ ಉಳುತ್ತಿದೆ.
ನೀವು ಕೊಂಡರೆ ಆ ಬಾಡಿಗೆ ಸೊನ್ನೆ, ಋಣ ಮಾತ್ರ ನಿಮ್ಮದು.
ರೇಟಲ್ಲಿ ಹಿಡಿದುಕೊಳ್ಳಿ.

ಮೇಲಿನದು ನಾಲ್ಕೂವರೆ ಸಾವಿರ.
ಕಮ್ಮಿ. ಈ ಬೀದಿಯಲ್ಲಿ ಏಳು ನಡೀತಿದೆ.
ಅಲ್ಲಿರೋನು ಹನ್ನೊಂದು ವರ್ಷದಿಂದ ಅಲ್ಲಾಡಿಲ್ಲ,
ಐದನೇ ತಾರೀಕು ತಪ್ಪಿಸಿಲ್ಲ,
ಬಚ್ಚಲು ಸೋರಿದಾಗ ತಾನೇ ಮೊಣಕಾಲೂರಿ ಮೆತ್ತಿದ್ದಾನೆ.
ನಲವತ್ತು ಯೂನಿಟ್ಟಿನ ಮನುಷ್ಯ.

ಹೌದು, ನಾನೇ.

ಇಷ್ಟು ಹೊತ್ತು ಹೇಳಿದ್ದು ಯಾರಿಗೋಸ್ಕರ ಅಂತ
ನಿಮ್ಮ ಮುಖ ಕೇಳ್ತಿದೆ.
ನಾನೂ ಮೆಟ್ಟಿಲಿಳಿಯುವಾಗ ಅದನ್ನೇ ಕೇಳಿಕೊಂಡೆ,
ಮೂರನೇ ಮೆಟ್ಟಿಲಲ್ಲಿ ಬಿಟ್ಟುಬಿಟ್ಟೆ.
ನೀವು ಏಳು ಕೇಳಿ. ನಾನು ಐದೂವರೆ ಅಂತೀನಿ.
ತಕ್ಷಣ ಒಪ್ಪಬೇಡಿ, ನೈಟ್ ಡ್ಯೂಟಿ ಮುಗಿಸಿ ಬಂದು ಯಾವತ್ತೂ ಒಪ್ಪಬೇಡಿ.
ನಾನು ಖಾಲಿ ಮಾಡಿದರೆ ಟು-ಲೆಟ್ ಬೋರ್ಡು
ಎಷ್ಟು ತಿಂಗಳು ಗೇಟಿಗೆ ನೇತಾಡುತ್ತೆ,
ಅದನ್ನು ಭಾಗಿಸಿ, ಕೂಡಿ, ಆಮೇಲೆ ಹೇಳಿ.

ಮತ್ತೆ, ಮೆಟ್ಟಿಲ ಬಲ್ಬು ಯಾರ ಮೀಟರಿಗೆ ಅಂತ
ಕರಾರಿನಲ್ಲಿ ಬರೆಸಿ.
ಊರಿನ ಅರ್ಧ ಜಗಳ ಅಲ್ಲಿಂದಲೇ ಹತ್ತಿಕೊಳ್ಳೋದು.
ಇಲ್ಲಿ ಅದು ನನ್ನದಕ್ಕೆ ಸೇರಿದೆ,
ಹನ್ನೊಂದು ವರ್ಷ. ಗೌಡರಿಗೆ ಗೊತ್ತಿಲ್ಲ.
ಎಡಗಡೆ ಸ್ವಿಚ್ಚು. ಹಾಕಿಕೊಂಡು ಹತ್ತಿ,
ಒಂದು ಮೆಟ್ಟಿಲು ಎತ್ತರ ತಪ್ಪಿದೆ.